ಫೀ ಇಲ್ಲದ ವಿಮಾನದ ಕ್ರೆಡಿಟ್ ಕಾರ್ಡ್: ಮುಂಬೈ, ಪುಣೆ, ಗೋವಾದ ನಮ್ಮವರು ಆರಿಸುವುದು ಹೇಗೆ

ಯಾವ ಕಾರ್ಡ್ ಒಳ್ಳೇದು ಅಂತ ಹುಡುಕುವ ಮೊದಲು ಒಂದು ಕೆಲಸ ಮಾಡಿ. ಹೋದ ವರ್ಷ ನಿಮ್ಮ ಮನೆಯವರು ಹತ್ತಿದ ವಿಮಾನಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲಿಂದ ಎಲ್ಲಿಗೆ, ಯಾವ ಕಂಪನಿ, ಎಷ್ಟು ದುಡ್ಡು, ಯಾವ ತಿಂಗಳು. ಇಮೇಲ್‌ನಲ್ಲಿ ಪಿಎನ್‌ಆರ್ ಅಂತ ಹುಡುಕಿದರೆ ಹಳೇ ಟಿಕೆಟ್‌ಗಳು ಸಿಗುತ್ತವೆ. ಈ ಹಾಳೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇದಿಲ್ಲದೆ ಆರಿಸಲು ಕೂತರೆ ಬ್ಯಾಂಕಿನವರು ಏನು ತೋರಿಸುತ್ತಾರೋ ಅದೇ ಚೆಂದ ಕಾಣುತ್ತದೆ.

ಮುಂಬೈ, ಪುಣೆಯ ಎಷ್ಟೋ ಕನ್ನಡದವರ ಹಾಳೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಮೇ ರಜೆಗೆ ಊರು, ಚೌತಿಗೆ ಊರು, ನಡುವೆ ಒಂದು ಮದುವೆಯೋ ಗೃಹಪ್ರವೇಶವೋ, ಆಮೇಲೆ ಅಪ್ಪ ಅಮ್ಮನನ್ನು ಡಾಕ್ಟರಿಗೆ ತೋರಿಸಲು ಇಲ್ಲಿಗೆ ಕರೆಸುವುದು. ರೈಲಿನಲ್ಲೇ ಹೋಗೋಣ ಅಂದರೆ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿದಿದೆ, ರಜೆಯ ದಿನಗಳ ಮತ್ಸ್ಯಗಂಧ ನೋಡನೋಡುತ್ತಲೇ ವೇಟಿಂಗ್ ಲಿಸ್ಟಿಗೆ ಹೋಗಿಬಿಡುತ್ತದೆ. ಕೊನೆಗೆ ವಿಮಾನವೇ ಗತಿ. ಅಂದರೆ ನಮಗೆ ಬೇಕಿರುವುದು ಲಂಡನ್ನಿಗೆ ಬಿಸಿನೆಸ್ ಕ್ಲಾಸ್ ಕೊಡಿಸುವ ಕಾರ್ಡ್ ಅಲ್ಲ. ಒಂದೂವರೆ ಗಂಟೆಯ ಹಾರಾಟಕ್ಕೆ, ಜನ ಜಾಸ್ತಿ ಇರುವ ಸಮಯದಲ್ಲಿ, ನಾಲ್ಕು ಜನರ ಟಿಕೆಟ್ಟಿಗೆ ಸ್ವಲ್ಪ ದುಡ್ಡು ಉಳಿಸಿಕೊಡುವ ಕಾರ್ಡ್.

ಮೊದಲು ‘ಫ್ರೀ’ ಅಂದರೆ ಯಾವ ಫ್ರೀ ಅಂತ ಕೇಳಿ

ಫ್ರೀ ಕಾರ್ಡ್ ಅಂತ ಮಾರುವುದರಲ್ಲಿ ಮೂರು ಥರ ಇದೆ. ಒಂದು, ಲೈಫ್‌ಟೈಮ್ ಫ್ರೀ. ಸೇರುವಾಗಲೂ ಫೀ ಇಲ್ಲ, ವರ್ಷ ವರ್ಷವೂ ಇಲ್ಲ. ಇನ್ನೊಂದು, ಮೊದಲ ವರ್ಷ ಮಾತ್ರ ಫ್ರೀ. ಮಾಲ್‌ನಲ್ಲಿ ಸ್ಟ್ಯಾಂಡ್ ಹಾಕಿಕೊಂಡು ನಿಂತ ಹುಡುಗರು ‘ಫ್ರೀ ಸರ್’ ಅಂದರೆ ಎಷ್ಟೋ ಸಲ ಇದೇ. ಮೂರನೆಯದು, ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ಫೀ ಮನ್ನಾ. ಈ ಮೂರನೆಯದು ನಿಮಗೆ ಸರಿಹೊಂದಬಹುದು, ಆದರೆ ಆ ಮೊತ್ತ ನಿಮ್ಮ ಮಾಮೂಲಿ ಖರ್ಚಿನಲ್ಲೇ ತುಂಬಬೇಕು. ಮಾರ್ಚ್‌ನಲ್ಲಿ ಮನ್ನಾ ಮೊತ್ತ ಮುಟ್ಟಿಸಬೇಕು ಅಂತ ಬೇಡದ ಮಿಕ್ಸರ್ ತಗೊಳ್ಳುವ ಹಾಗಿದ್ದರೆ ಅದು ಫ್ರೀ ಅಲ್ಲ.

ಫೀ ಇದೆ ಅಂದರೆ ಅದರ ಮೇಲೆ ಶೇ. 18 ಜಿಎಸ್‌ಟಿಯೂ ಇದೆ. 499 ಅಂತ ಬರೆದಿದ್ದರೆ ನಿಮ್ಮ ಬಿಲ್ಲಿಗೆ ಬರುವುದು ಸುಮಾರು 589 ರೂಪಾಯಿ. 1,500 ಅಂದರೆ 1,770.

ಬಾಯಿಮಾತು ನಂಬಬೇಡಿ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಪುಟ ಕೊಡುತ್ತಾರೆ, ಅದರಲ್ಲಿ ಜಾಯಿನಿಂಗ್ ಫೀ ಒಂದು ಸಾಲು, ಆನ್ಯುಯಲ್ ಅಥವಾ ರಿನ್ಯೂವಲ್ ಫೀ ಇನ್ನೊಂದು ಸಾಲು ಇರುತ್ತದೆ. ಎರಡೂ ಸಾಲಿನಲ್ಲಿ ಸೊನ್ನೆ ಇರಬೇಕು. ‘ಮೊದಲ ವರ್ಷ ಇಲ್ಲ, ಎರಡನೇ ವರ್ಷದಿಂದ ಇಷ್ಟು’ ಅಂತ ಇದ್ದರೆ ಅದು ಲೈಫ್‌ಟೈಮ್ ಫ್ರೀ ಅಲ್ಲ, ಯಾರು ಏನೇ ಹೇಳಲಿ.

ನಿಮ್ಮ ಊರಿನ ವಿಮಾನ ಯಾರದು?

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ವಿಮಾನ ಕಂಪನಿಯ ಹೆಸರು ಹೊತ್ತ ಕಾರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಫೀ ಇರುತ್ತದೆ. ಫೀ ಇಲ್ಲದೇ ಬೇಕು ಅಂದರೆ ಪ್ರಯಾಣಕ್ಕೆ ಅಂತ ಮಾಡಿದ ಸಾಮಾನ್ಯ ಕಾರ್ಡ್‌ಗಳ ಕಡೆಗೂ ಕಣ್ಣು ಹಾಯಿಸಬೇಕು. ಅದರಿಂದ ನಷ್ಟವೇನೂ ಇಲ್ಲ, ಎಷ್ಟೋ ಜನರಿಗೆ ಅದೇ ಒಳ್ಳೇದು.

ನಿಮ್ಮ ಹಾಳೆ ನೋಡಿ. ಹುಬ್ಬಳ್ಳಿಗೆ ಹೋಗುವವರು, ಬೆಂಗಳೂರಿಗೆ ಪದೇ ಪದೇ ಓಡಾಡುವವರು, ಎಲ್ಲ ಟಿಕೆಟ್ಟೂ ಇಂಡಿಗೋದ್ದೇ ಇದ್ದರೆ ಮೊದಲು ಕಾರ್ಡ್ ಬೇಡ. ಇಂಡಿಗೋದ ಬ್ಲೂಚಿಪ್ ಸದಸ್ಯತ್ವ ತಗೊಳ್ಳಿ, ಹಾರಿದಾಗಲೆಲ್ಲ ಪಾಯಿಂಟ್ ಕೂಡುತ್ತದೆ, ಮುಂದಿನ ಟಿಕೆಟ್ಟಿಗೆ ಬಳಸಬಹುದು, ಅದಕ್ಕೆ ದುಡ್ಡಿಲ್ಲ. ಏರ್ ಇಂಡಿಯಾದ ಮಹಾರಾಜ ಕ್ಲಬ್ಬೂ ಹಾಗೆಯೇ. ಹಾರಿದ್ದಕ್ಕೆ ಬರುವ ಪಾಯಿಂಟ್ ಬೇರೆ, ಕಾರ್ಡ್ ಉಜ್ಜಿದ್ದಕ್ಕೆ ಬರುವ ಪಾಯಿಂಟ್ ಬೇರೆ, ಮೊದಲನೆಯದಕ್ಕೆ ಯಾವ ಕಾರ್ಡೂ ಬೇಕಿಲ್ಲ. ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ, ಟಿಕೆಟ್ ಮಾಡುವಾಗ ಸದಸ್ಯತ್ವದ ನಂಬರನ್ನೇ ಹಾಕುವುದಿಲ್ಲ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ನಂಬರ್ ಮಾಡಿಡಿ.

ಮಂಗಳೂರಿನವರಿಗೆ, ಅದರಲ್ಲೂ ಗಲ್ಫ್‌ನಲ್ಲಿ ಮನೆಯವರು ಇರುವವರಿಗೆ, ಹಾಳೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹೆಸರು ಜಾಸ್ತಿ ಕಾಣಬಹುದು. ಹಾಗಿದ್ದರೆ ಟಾಟಾ ನ್ಯೂ ಪ್ಲಸ್ ಎಚ್‌ಡಿಎಫ್‌ಸಿ ಕಾರ್ಡ್ ನೋಡಬಹುದು. ಇದರ ಫೀ 499, ವರ್ಷಕ್ಕೆ 1 ಲಕ್ಷ ಖರ್ಚಾದರೆ ಮನ್ನಾ, ಆಗಾಗ ಲೈಫ್‌ಟೈಮ್ ಫ್ರೀ ಆಫರ್ ಕೂಡ ಬರುತ್ತದೆ. ಟಾಟಾದವರ ಬ್ರ್ಯಾಂಡ್‌ಗಳಲ್ಲಿ ಶೇ. 2, ಬೇರೆ ಕಡೆ ಶೇ. 1 ನ್ಯೂಕಾಯಿನ್ (ಟಾಟಾದವರ ಪಾಯಿಂಟ್‌ಗೆ ಆ ಹೆಸರು), ಒಂದು ಕಾಯಿನ್‌ಗೆ ಒಂದು ರೂಪಾಯಿ. ಆ ಬ್ರ್ಯಾಂಡ್‌ಗಳ ಪಟ್ಟಿಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇದೆ. ಇದರಲ್ಲಿ ನನಗೆ ಇಷ್ಟವಾಗುವ ವಿಷಯ ಏನಂದರೆ ವಿಮಾನ ಹತ್ತದೇ ಇದ್ದರೂ ಕಾಯಿನ್ ಕೊಳೆಯುವುದಿಲ್ಲ, ಬಿಗ್‌ಬಾಸ್ಕೆಟ್‌ನಲ್ಲಿ ಅಕ್ಕಿ ಬೇಳೆಗಾದರೂ ಆಗುತ್ತದೆ.

ಹಾಳೆಯಲ್ಲಿ ಎರಡು ಮೂರು ಕಂಪನಿ ಬೆರೆತಿದ್ದರೆ, ಯಾವತ್ತೂ ಅಗ್ಗದ ಟಿಕೆಟ್ಟೇ ನೋಡುವವರಾದರೆ, ಒಂದೇ ಕಂಪನಿಗೆ ಕಟ್ಟುಬೀಳಬೇಡಿ. ಫೆಡರಲ್ ಬ್ಯಾಂಕಿನ ಸ್ಕ್ಯಾಪಿಯಾ ಲೈಫ್‌ಟೈಮ್ ಫ್ರೀ ಕಾರ್ಡ್, 2023ರಲ್ಲಿ ಬಂದದ್ದು. ವಿದೇಶದಲ್ಲಿ ಉಜ್ಜಿದರೆ ಫಾರೆಕ್ಸ್ ಮಾರ್ಕಪ್, ಅಂದರೆ ಬೇರೆ ದೇಶದ ಹಣದಲ್ಲಿ ಮಾಡಿದ ಖರ್ಚಿನ ಮೇಲೆ ಬ್ಯಾಂಕು ಹಾಕುವ ಹೆಚ್ಚುವರಿ ಶುಲ್ಕ, ಇಲ್ಲ. ‘ಶೇ. 10 ಕಾಯಿನ್’ ಅಂತ ದೊಡ್ಡದಾಗಿ ಬರೆದಿರುತ್ತದೆ, ಆದರೆ 5 ಕಾಯಿನ್ ಸೇರಿದರೆ 1 ರೂಪಾಯಿ, ಅಂದರೆ ಕೈಗೆ ಬರುವುದು ಶೇ. 2. ಅದೂ ಕಮ್ಮಿಯೇನಲ್ಲ, ಆದರೆ ಅದನ್ನು ಅವರ ಆ್ಯಪ್‌ನಲ್ಲೇ ಟಿಕೆಟ್ ಮಾಡಿ ಬಳಸಬೇಕು. ಎಯು ಬ್ಯಾಂಕಿನ ಇಕ್ಸಿಗೊ ಕಾರ್ಡ್ ಪ್ರಯಾಣದ ಬುಕಿಂಗ್‌ಗೆ ರಿಯಾಯಿತಿ ಕೊಡುವ ಥರದ್ದು, ಅದಕ್ಕೆ ಮಿತಿಗಳಿವೆ. ಅಮೆಜಾನ್ ಪೇ ಐಸಿಐಸಿಐ ಕಾರ್ಡ್‌ಗೆ ವಿಮಾನದ ಹೆಸರೇ ಇಲ್ಲ, ಲೈಫ್‌ಟೈಮ್ ಫ್ರೀ, ಹೊರಗಿನ ಖರ್ಚಿಗೆ ಶೇ. 1 ವಾಪಸ್ ಬರುತ್ತದೆ. ವರ್ಷಕ್ಕೆ ಒಂದೋ ಎರಡೋ ಸಲ ಹಾರುವವರಿಗೆ ಇದಕ್ಕಿಂತ ಜಾಸ್ತಿ ತಲೆಕೆಡಿಸಿಕೊಳ್ಳುವ ಅಗತ್ಯ ನಿಜಕ್ಕೂ ಇಲ್ಲ. ಈ ಷರತ್ತುಗಳನ್ನೆಲ್ಲ ಬ್ಯಾಂಕುಗಳು ಆಗಾಗ ಬದಲಿಸುತ್ತವೆ, ಹಾಗಾಗಿ ಅರ್ಜಿ ಹಾಕುವ ದಿನ ಬ್ಯಾಂಕಿನ ಪುಟದಲ್ಲಿ ಇನ್ನೊಮ್ಮೆ ನೋಡಿಯೇ ಮುಂದುವರಿಯಿರಿ.

ಗೋವಾದ ಕನ್ನಡದವರಿಗೆ ಲೆಕ್ಕ ಬೇರೆ. ವಾಸ್ಕೋದಿಂದ ಹುಬ್ಬಳ್ಳಿ, ಬೆಳಗಾವಿ, ಕಾರವಾರಕ್ಕೆ ಬಸ್ಸು, ರೈಲು ಇರುವಾಗ ಊರಿಗೆ ವಿಮಾನ ಯಾಕೆ? ನಿಮ್ಮ ಹಾಳೆಯಲ್ಲಿ ಬೆಂಗಳೂರು, ಮುಂಬೈ ಅಥವಾ ಗಲ್ಫ್ ಇದ್ದರೆ ಮಾತ್ರ ವಿಮಾನದ ಕಾರ್ಡ್ ಯೋಚಿಸಿ. ಜೊತೆಗೆ ನೀವು ಹತ್ತುವ ವಿಮಾನ ದಾಬೋಲಿಮ್‌ನಿಂದ ಹೊರಡುತ್ತದಾ, 2023ರ ಜನವರಿಯಲ್ಲಿ ಶುರುವಾದ ಮೋಪಾದಿಂದಾ ಅಂತ ನೋಡಿ. ವಾಸ್ಕೋದವರು ಗೋವಾದ ಉತ್ತರ ತುದಿಯ ಮೋಪಾಕ್ಕೆ ಟ್ಯಾಕ್ಸಿ ಮಾಡಿದರೆ ಕಾರ್ಡಿನ ವರ್ಷದ ಲಾಭ ಒಂದೇ ದಿನ ಖಾಲಿ.

ಲೆಕ್ಕ ಹಾಕಿ, ಪೆನ್ನು ಹಿಡಿದು

ತಿಂಗಳಿಗೆ 30,000 ರೂಪಾಯಿ ಕಾರ್ಡ್‌ನಲ್ಲಿ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಪೆಟ್ರೋಲ್ 3,000, ಕರೆಂಟು, ಗ್ಯಾಸ್, ಮೊಬೈಲ್ ಬಿಲ್ 4,000, ಇನ್ಶೂರೆನ್ಸ್ 5,000. ಈ ಥರದ ಖರ್ಚಿಗೆ, ಮನೆ ಬಾಡಿಗೆಗೆ, ವಾಲೆಟ್‌ಗೆ ದುಡ್ಡು ತುಂಬಿದ್ದಕ್ಕೆ ಬಹಳ ಕಾರ್ಡ್‌ಗಳು ಪಾಯಿಂಟ್ ಕೊಡುವುದಿಲ್ಲ, ಅಥವಾ ತೀರಾ ಕಮ್ಮಿ ಕೊಡುತ್ತವೆ. ಉಳಿದದ್ದು 18,000. ಶೇ. 1 ಅಂದರೆ ತಿಂಗಳಿಗೆ 180, ವರ್ಷಕ್ಕೆ 2,160 ರೂಪಾಯಿ. ಶೇ. 2 ಅಂದರೆ 4,320. ನಿಮ್ಮ ಮನೆಯ ಲೆಕ್ಕ ಹಾಕಿ ನೋಡಿ, ಹೆಚ್ಚಿನವರದು ಈ ಎರಡರ ನಡುವೆಯೇ ಬರುತ್ತದೆ. ಹೀಗಿರುವಾಗ 1,770 ರೂಪಾಯಿ ಫೀ ಕಟ್ಟಿದರೆ ಉಳಿಯುವುದೇನು ಹೇಳಿ? ಅದಕ್ಕೇ ನಾನು ಫೀ ಇಲ್ಲದ್ದನ್ನೇ ನೋಡಿ ಅನ್ನುವುದು.

ಪಾಯಿಂಟ್ ಬಳಸುವಾಗಲೂ ಹಲವು ಬ್ಯಾಂಕುಗಳು ರಿಡೆಂಪ್ಷನ್ ಫೀ ಅಂತ 99 ರೂಪಾಯಿ ಮತ್ತು ಜಿಎಸ್‌ಟಿ ತಗೊಳ್ಳುತ್ತವೆ, ಸುಮಾರು 117 ಆಗುತ್ತದೆ. 500 ರೂಪಾಯಿಯ ಪಾಯಿಂಟ್ ಬಳಸಲು 117 ಕೊಡುವುದು ದಂಡ. ಕೂಡಿಸಿ ಒಟ್ಟಿಗೆ ಬಳಸಿ.

ಇನ್ನು ಕನ್ವೀನಿಯನ್ಸ್ ಫೀ. ಇದನ್ನು ಯಾರೂ ಗಮನಿಸುವುದಿಲ್ಲ, ಆದರೆ ನನ್ನ ಪ್ರಕಾರ ಸಣ್ಣ ಹಾರಾಟದವರಿಗೆ ಇದೇ ದೊಡ್ಡ ವಿಷಯ. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟುವ ಕೊನೆಯ ಪುಟದಲ್ಲಿ ಬಂದು ಸೇರಿಕೊಳ್ಳುತ್ತದೆ. ಒಂದು ಟಿಕೆಟ್ಟಿಗೆ ಒಂದು ಸಲ ಅಲ್ಲ, ಒಬ್ಬೊಬ್ಬರಿಗೆ, ಹೋಗುವಾಗ ಒಂದು, ಬರುವಾಗ ಒಂದು. ತಲೆಗೆ 350 ಅಂತ ಹಿಡಿದರೆ ಗಂಡ ಹೆಂಡತಿ, ಇಬ್ಬರು ಮಕ್ಕಳು ಮಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಎಂಟು ಸಲ, 2,800 ರೂಪಾಯಿ. ಮೇಲಿನ ಶೇ. 1ರ ಲೆಕ್ಕದಲ್ಲಿ ಇಡೀ ವರ್ಷ ಬಂದ ಪಾಯಿಂಟ್‌ಗಿಂತ ಇದೇ ಜಾಸ್ತಿ ಆಯ್ತಲ್ಲ! ಟಿಕೆಟ್ ಕ್ಯಾನ್ಸಲ್ ಮಾಡಿದರೂ ಹೆಚ್ಚಿನ ಸಲ ಇದು ವಾಪಸ್ ಬರುವುದಿಲ್ಲ. ಹಾಗಾಗಿ ಕಾರ್ಡ್ ಹೋಲಿಸುವಾಗ ‘ಎಷ್ಟು ಪಾಯಿಂಟ್’ ಅಂತ ಕೇಳುವ ಮೊದಲು ‘ಕನ್ವೀನಿಯನ್ಸ್ ಫೀ ಬಿಡುತ್ತದಾ, ಕಮ್ಮಿ ಮಾಡುತ್ತದಾ’ ಅಂತ ಕೇಳಿ. ಆ್ಯಪ್‌ನಲ್ಲಿ ಬುಕ್ ಮಾಡುವ ಕಾರ್ಡ್ ಆದರೆ ಅದೇ ವಿಮಾನದ, ಅದೇ ದಿನದ ಟಿಕೆಟ್ಟನ್ನು ಕಂಪನಿಯ ಸ್ವಂತ ಸೈಟ್‌ನಲ್ಲಿ ತೆರೆದು ಕೊನೆಯ ಪುಟದವರೆಗೂ ಹೋಗಿ ಎರಡೂ ಮೊತ್ತ ಪಕ್ಕಪಕ್ಕ ಇಟ್ಟು ನೋಡಿ. ತಲೆಗೆ 250 ವ್ಯತ್ಯಾಸ ಇದ್ದರೂ ನಾಲ್ಕು ಜನ ಹೋಗಿ ಬರುವುದಕ್ಕೆ 2,000 ಆಯಿತು.

ಪಾಯಿಂಟ್‌ನಲ್ಲಿ ‘ಫ್ರೀ ಟಿಕೆಟ್’ ಅಂದಾಗಲೂ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಸಾಮಾನ್ಯವಾಗಿ ನೀವೇ ಕಟ್ಟಬೇಕು. ದೂರದ ಹಾರಾಟದಲ್ಲಿ ಇದು ಗೊತ್ತಾಗುವುದಿಲ್ಲ, ಮುಂಬೈ-ಹುಬ್ಬಳ್ಳಿಯಂಥ ಸಣ್ಣ ಹಾರಾಟದಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಮತ್ತೆ, ನಿಮ್ಮ ಪಾಯಿಂಟ್‌ನಿಂದ ಅಪ್ಪ ಅಮ್ಮನ ಹೆಸರಿಗೆ ಟಿಕೆಟ್ ಮಾಡಲು ಬಿಡುತ್ತಾರಾ ಅಂತ ಮೊದಲೇ ಓದಿಕೊಳ್ಳಿ. ಕೆಲವು ಕಡೆ ಹೆಸರು ಮುಂಚೆಯೇ ಸೇರಿಸಿಡಬೇಕು. ಆಸ್ಪತ್ರೆಗೆ ಅಂತ ಅರ್ಜೆಂಟಾಗಿ ಕರೆಸುವಾಗ ಇದು ಗೊತ್ತಾದರೆ ಪ್ರಯೋಜನ ಇಲ್ಲ.

ಲೌಂಜ್, ಅಂದರೆ ವಿಮಾನ ನಿಲ್ದಾಣದಲ್ಲಿ ಕೂತು ತಿಂಡಿ ತಿನ್ನುವ ವಿಶೇಷ ಕೋಣೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫ್ರೀ ಕಾರ್ಡ್‌ಗಳಲ್ಲಿ ಈಗ ತಿಂಗಳಿಗೋ ಮೂರು ತಿಂಗಳಿಗೋ ಇಷ್ಟು ಖರ್ಚು ಮಾಡಿದರೆ ಮಾತ್ರ ಲೌಂಜ್ ಅನ್ನುವ ಷರತ್ತು ಮಾಮೂಲಿ. ಮುಂಬೈಯಲ್ಲಿ ನಿಮ್ಮ ವಿಮಾನ ಟರ್ಮಿನಲ್ 1ರಿಂದಾ, 2ರಿಂದಾ, 2025ರ ಡಿಸೆಂಬರ್‌ನಲ್ಲಿ ಶುರುವಾದ ನವಿ ಮುಂಬೈಯಿಂದಾ ಅನ್ನುವುದರ ಮೇಲೆ ಆ ಲೌಂಜ್ ಸಿಗುವುದೂ ಬಿಡುವುದೂ ನಿಂತಿದೆ. ಒಂದು ಇಡ್ಲಿ ವಡೆಗೋಸ್ಕರ ಕಾರ್ಡ್ ಆರಿಸಬೇಡಿ.

ಮೈಲು ಕೂಡಿಡುವ ಆಸೆ ಬೇಡ

ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಕಿಂಗ್‌ಫಿಷರ್ 2012ರಲ್ಲೇ ನಿಂತಿತ್ತು. ಗೋ ಫಸ್ಟ್ 2023ರ ಮೇನಲ್ಲಿ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಅದರ ಪಾಯಿಂಟ್‌ಗಳು ಮಹಾರಾಜ ಕ್ಲಬ್‌ಗೆ ಹೋದವು ನಿಜ, ಆದರೆ ವಿಸ್ತಾರದ ಹೆಸರಿನ ಕಾರ್ಡ್‌ಗಳನ್ನು ಬ್ಯಾಂಕುಗಳು ಒಂದೊಂದಾಗಿ ನಿಲ್ಲಿಸಿದವು. ಮಗಳ ಮದುವೆ ಹೊತ್ತಿಗೆ ಬಳಸೋಣ ಅಂತ ಒಂದೇ ಕಂಪನಿಯ ಮೈಲುಗಳನ್ನು (ವಿಮಾನದ ಪಾಯಿಂಟ್‌ಗೆ ಹಾಗನ್ನುತ್ತಾರೆ) ವರ್ಷಗಟ್ಟಲೆ ಕೂಡಿಡುವುದು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟ ಹಾಗಲ್ಲ. ಬಡ್ಡಿ ಇಲ್ಲ, ಬೆಲೆ ಯಾವಾಗ ಬೇಕಾದರೂ ಇಳಿಸಬಹುದು. ಒಂದು ಟಿಕೆಟ್ಟಿಗೆ ಆಗುವಷ್ಟು ಬಂದ ಕೂಡಲೇ ಬಳಸಿಬಿಡಿ. ಮೇ ತಿಂಗಳಲ್ಲಿ ಟಿಕೆಟ್ ದರ ಏರಿದಾಗ ಬಳಸಿದರೆ ಪಾಯಿಂಟ್‌ಗೆ ಬೆಲೆ ಜಾಸ್ತಿ ಸಿಗಬಹುದು, ಕೆಲವು ಕಡೆ ಬೇಕಾಗುವ ಪಾಯಿಂಟ್ಟೂ ದರದ ಜೊತೆ ಏರುತ್ತದೆ, ಎರಡನ್ನೂ ನೋಡಿ.

ವೆಲ್ಕಮ್ ಬೋನಸ್, ವೋಚರ್ ಎಲ್ಲ ಮೂಗಿಗೆ ಸವರುವ ತುಪ್ಪ. ಒಂದೇ ಸಲ ಬರುತ್ತದೆ. ಎರಡನೇ ವರ್ಷ ಈ ಕಾರ್ಡ್ ಏನು ಕೊಡುತ್ತದೆ ಅನ್ನುವುದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಗಲ್ಫಿಗೆ ಹೋಗಿ ಬರುವವರಿಗೆ ಇನ್ನೊಂದು ಮಾತು. ಸಾಮಾನ್ಯ ಕಾರ್ಡ್‌ನಲ್ಲಿ ಶೇ. 3.5 ಫಾರೆಕ್ಸ್ ಮಾರ್ಕಪ್, ಅದರ ಮೇಲೆ ಜಿಎಸ್‌ಟಿ ಸೇರಿ ಸುಮಾರು ಶೇ. 4.13 ಹೋಗುತ್ತದೆ. ಶೇ. 1 ಪಾಯಿಂಟ್‌ಗೆ ಆಸೆಪಟ್ಟು ಶೇ. 4 ಕಳೆದುಕೊಳ್ಳುವುದು ಯಾಕೆ? ಮಾರ್ಕಪ್ ಇಲ್ಲದ ಫ್ರೀ ಕಾರ್ಡ್ ಒಂದು ಇದ್ದರೆ ಸಾಕು. ದುಬೈ ಅಂಗಡಿಯಲ್ಲಿ ಮೆಷಿನ್ ‘ರೂಪಾಯಿನಾ ದಿರ್ಹಮ್ಮಾ’ ಅಂತ ಕೇಳಿದರೆ ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಲೆಕ್ಕ ಆಗುತ್ತದೆ, ಅದು ಹೆಚ್ಚಾಗಿ ದುಬಾರಿ.

ಅರ್ಜಿ ಹಾಕುವಾಗ

ಒಂದು ಸಲಕ್ಕೆ ಒಂದೇ ಅರ್ಜಿ. ಪ್ರತಿ ಅರ್ಜಿಗೂ ಬ್ಯಾಂಕು ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡುತ್ತದೆ, ಅದು ದಾಖಲಾಗುತ್ತದೆ, ಒಂದೇ ವಾರದಲ್ಲಿ ನಾಲ್ಕು ಬ್ಯಾಂಕಿಗೆ ಹಾಕಿದರೆ ಐದನೆಯವರಿಗೆ ಅನುಮಾನ ಬರುತ್ತದೆ. ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ತೋರಿಸುವ ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ, 750 ದಾಟಿದ್ದರೆ ಆರಾಮ. ಈ ರಿಪೋರ್ಟ್ ಮಾಡುವ ಸಿಬಿಲ್‌ನಂಥ ನಾಲ್ಕೂ ಕ್ರೆಡಿಟ್ ಬ್ಯೂರೋಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ಮೊದಲು ಅದನ್ನು ತರಿಸಿ ನೋಡಿ, ಆಮೇಲೆ ಅರ್ಜಿ.

ಹೋಟೆಲ್ ನಡೆಸುವವರಿಗೆ, ಕ್ಯಾಂಟೀನ್‌ನಲ್ಲಿ ದುಡಿಯುವವರಿಗೆ ಸ್ಯಾಲರಿ ಸ್ಲಿಪ್ಪಿನದೇ ತೊಂದರೆ. ವ್ಯವಹಾರವೆಲ್ಲ ಸಹಕಾರಿ ಬ್ಯಾಂಕಿನಲ್ಲಿ, ಸಂಬಳ ಕೈಗೆ. ಅಂಥವರು ಎಫ್‌ಡಿ ಇಟ್ಟು ಅದರ ಮೇಲೆ ಕೊಡುವ ಕಾರ್ಡ್ ತಗೊಳ್ಳಬಹುದು. ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ ವಾವ್ ಕಾರ್ಡ್ ಈ ಥರದ್ದು, ಲೈಫ್‌ಟೈಮ್ ಫ್ರೀ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಬಿಲ್ ಸರಿಯಾಗಿ ಕಟ್ಟುತ್ತಾ ಹೋದರೆ ಸ್ಕೋರೂ ಬೆಳೆಯುತ್ತದೆ. ಮುಂದೆ ಬೇರೆ ಕಾರ್ಡ್ ಸುಲಭವಾಗಿ ಸಿಗುತ್ತದೆ.

ಕಾರ್ಡ್ ಮನೆಗೆ ಬಂತು ಅಂತ ತಕ್ಷಣ ಚಾಲೂ ಮಾಡಬೇಡಿ. ಲಕೋಟೆಯಲ್ಲಿ ಬಂದ ಕಾಗದ ಓದಿ. ಏಜೆಂಟ್ ಹೇಳಿದ್ದು ಲೈಫ್‌ಟೈಮ್ ಫ್ರೀ, ಕಾಗದದಲ್ಲಿ ಇರುವುದು ಎರಡನೇ ವರ್ಷದಿಂದ ಫೀ ಅಂತಾದರೆ ಒಟಿಪಿ ಕೊಡಬೇಡಿ. 2022ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಾರ್ಡ್ ಕೊಟ್ಟು 30 ದಿನ ದಾಟಿದರೂ ನೀವು ಚಾಲೂ ಮಾಡದಿದ್ದರೆ ಬ್ಯಾಂಕು ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ 7 ಕೆಲಸದ ದಿನಗಳಲ್ಲಿ ಒಂದು ಪೈಸೆ ತಗೊಳ್ಳದೆ ಆ ಕಾರ್ಡನ್ನು ಮುಚ್ಚಬೇಕು. ಕೇಳದೇ ಕಳಿಸಿದ ಕಾರ್ಡಿಗೆ ಬಿಲ್ ಹಾಕಿದರೆ ಆ ಮೊತ್ತ ವಾಪಸ್ ಮಾಡಿ ಅದರ ಎರಡು ಪಟ್ಟು ದಂಡವನ್ನೂ ನಿಮಗೆ ಕೊಡಬೇಕು.

ಬಿಲ್ ಪೂರ್ತಿ ಕಟ್ಟಲು ಆಗದಿದ್ದರೆ ಇದೆಲ್ಲ ವ್ಯರ್ಥ. 20,000 ಬಾಕಿ ಉಳಿಸಿದರೆ ತಿಂಗಳಿಗೆ ಶೇ. 3.75ರಂತೆ 750 ಬಡ್ಡಿ, 135 ಜಿಎಸ್‌ಟಿ, ಒಟ್ಟು 885. ಮೇಲೆ ಹೇಳಿದ 180ರ ಲೆಕ್ಕದಲ್ಲಿ ಐದು ತಿಂಗಳ ಪಾಯಿಂಟ್ ಹೋಯಿತು. ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕು ಅಂತ ತೋರಿಸುವ ಸಣ್ಣ ಮೊತ್ತ ಮಾತ್ರ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ, ಬಾಕಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಅಕೌಂಟಿನಿಂದ ಪೂರ್ತಿ ಮೊತ್ತ ತಾನಾಗಿ ಹೋಗುವ ಹಾಗೆ ಆಟೋ ಡೆಬಿಟ್ ಹಾಕಿಡಿ, ಬಿಲ್ ಡೇಟನ್ನು ಸಂಬಳದ ತಾರೀಕಿಗೆ ಹೊಂದಿಸಿಕೊಳ್ಳಿ. ಒಂದು ಸಲವಾದರೂ ಅದನ್ನು ಬದಲಿಸಲು ಬ್ಯಾಂಕು ಅವಕಾಶ ಕೊಡಬೇಕು. ಈಗಾಗಲೇ ಬಾಕಿ ಇರುವವರು ದಯವಿಟ್ಟು ಹೊಸ ಕಾರ್ಡಿನ ಯೋಚನೆಯನ್ನೇ ಬಿಟ್ಟು ಮೊದಲು ಅದನ್ನು ತೀರಿಸಿ.

ಹಳೇ ಕಾರ್ಡ್ ಮುಚ್ಚುವುದು

ಫ್ರೀ ಕಾರ್ಡ್ ಸಿಕ್ಕ ಮೇಲೆ ಫೀ ಇರುವ ಹಳೆಯದನ್ನು ಸುಮ್ನೆ ಡ್ರಾಯರ್‌ನಲ್ಲಿ ಇಡಬೇಡಿ, ವರ್ಷ ತುಂಬಿದ ಕೂಡಲೇ ಫೀ ಬಿಲ್ ಬರುತ್ತದೆ. ಮೊದಲು ಬ್ಯಾಂಕಿಗೆ ಫೋನ್ ಮಾಡಿ ‘ಲೈಫ್‌ಟೈಮ್ ಫ್ರೀ ಮಾಡಿಕೊಡಿ, ಇಲ್ಲ ಮುಚ್ಚಿ’ ಅಂತ ಕೇಳಿ, ಎಷ್ಟೋ ಸಲ ಒಪ್ಪುತ್ತಾರೆ. ಒಪ್ಪಿದರೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಪಾಯಿಂಟ್‌ಗಳನ್ನು ಬಳಸಿ ಮುಗಿಸಿ, ಬಾಕಿ ಸೊನ್ನೆ ಮಾಡಿ, ಆ ಕಾರ್ಡಿನಿಂದ ಹೋಗುತ್ತಿರುವ ಮೊಬೈಲ್, ಓಟಿಟಿ ಆಟೋ ಪೇಮೆಂಟ್‌ಗಳನ್ನು ಬೇರೆ ಕಡೆಗೆ ಬದಲಿಸಿ, ಆಮೇಲೆ ಮುಚ್ಚಲು ಲಿಖಿತವಾಗಿ ಕೇಳಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು, ಇದೂ ರಿಸರ್ವ್ ಬ್ಯಾಂಕಿನ ನಿಯಮವೇ. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರ ಕೊಡದಿದ್ದರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಅದಕ್ಕೆ ಶುಲ್ಕ ಇಲ್ಲ. ಹೇಗೆ ಅಂತ ಕೇಳಲು 14448ಕ್ಕೆ ಫೋನ್ ಮಾಡಿ. ಮುಚ್ಚಿದ ಒಂದೆರಡು ತಿಂಗಳ ಮೇಲೆ ಸಿಬಿಲ್ ರಿಪೋರ್ಟ್ ತೆಗೆದು ಆ ಕಾರ್ಡಿನ ಮುಂದೆ ‘ಕ್ಲೋಸ್ಡ್’ ಅಂತ ಬಂದಿದೆಯಾ, ಬಾಕಿ ಸೊನ್ನೆ ಇದೆಯಾ ನೋಡಿಕೊಳ್ಳಿ.